ಔಯುಯಿಟ್ಟುಕ್‌ನ ಅಕ್ಷಾಯುಕ್ ಕಣಿವೆ: ಎಂಟು ದಿನದ ಈ ಯೋಜನೆ ಸಾಕೇ?

ಕವಲೇದುರ್ಗ_ಟೊರೊಂಟೊ

ಎಲ್ಲರಿಗೂ ನಮಸ್ಕಾರ. ಕೆನಡಾದ ಉತ್ತರದ ಬ್ಯಾಫಿನ್ ದ್ವೀಪದ ಔಯುಯಿಟ್ಟುಕ್ ರಾಷ್ಟ್ರೀಯ ಉದ್ಯಾನದಲ್ಲಿ ಅಕ್ಷಾಯುಕ್ ಕಣಿವೆಯ ಚಾರಣಕ್ಕೆ ಯೋಜನೆ ಹಾಕಿದ್ದೇವೆ. ಇಬ್ಬರೇ. ಪೂರ್ತಿ 97 ಕಿ.ಮೀ. ಅಲ್ಲ. ದಕ್ಷಿಣ ತುದಿಯಲ್ಲಿ ದೋಣಿ ಇಳಿಸುವ ಜಾಗವಾದ ಓವರ್‌ಲಾರ್ಡ್‌ನಿಂದ ಸಮ್ಮಿಟ್ ಲೇಕ್‌ವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್, ಒಟ್ಟು ಸುಮಾರು 70 ಕಿ.ಮೀ.

ಈಗಿನ ಲೆಕ್ಕ ಹೀಗಿದೆ: ಒಟ್ಟಾವ, ಇಕಾಲುಯಿಟ್ ದಾಟಿ ಜುಲೈ 6ಕ್ಕೆ ಹತ್ತಿರದ ಊರಾದ ಪಾಂಗ್ನಿರ್ಟುಂಗ್ ತಲುಪುವುದು. 7ರ ಬೆಳಿಗ್ಗೆ 9ಕ್ಕೆ ದೋಣಿ. ದಿನಕ್ಕೆ 10 ಕಿ.ಮೀ.ಯಂತೆ ಏಳು ದಿನ ನಡಿಗೆ. 14ರ ಬೆಳಿಗ್ಗೆ 9ಕ್ಕೆ ಅದೇ ದೋಣಿ, 15ಕ್ಕೆ ವಿಮಾನ. ಏಳು ದಿನದ ಊಟ, ಗ್ಯಾಸ್ ಕ್ಯಾನಿಸ್ಟರ್ ಒಲೆ, ಮೂರು ಋತುವಿನ ಹಗುರ ಟೆಂಟ್. ಕಣಿವೆಯ ಅತಿ ಎತ್ತರದ ಜಾಗವೇ ಸುಮಾರು 400 ಮೀಟರ್. ಕುಮಾರಪರ್ವತ 1,712 ಮೀಟರ್ ಇರುವಾಗ ಇದು ಅಷ್ಟೇನೂ ಕಷ್ಟವಾಗಲಾರದು ಅನ್ನಿಸಿದೆ. ಎಲ್ಲಿ ತಪ್ಪಿದೆ, ಮುಲಾಜಿಲ್ಲದೆ ಹೇಳಿ.

ಉಬ್ಬರವಿಳಿತ

ಮೊದಲ ತಪ್ಪು ದಿನಾಂಕದಲ್ಲೇ ಇದೆ. ಜುಲೈ ಮೊದಲ ವಾರದಲ್ಲಿ ಪಾಂಗ್ನಿರ್ಟುಂಗ್ ಫ್ಯೋರ್ಡ್‌ನ (ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕವಲಿನ) ಹಿಮ ಒಡೆದು ಚದುರುತ್ತಿರುತ್ತದೆ. ಸ್ನೋಮೊಬೈಲ್ ಓಡುವಷ್ಟು ಗಟ್ಟಿ ಇರುವುದಿಲ್ಲ, ದೋಣಿ ನುಗ್ಗುವಷ್ಟು ತೆರವೂ ಇರುವುದಿಲ್ಲ. ಒಂದೊಂದು ವರ್ಷ ಬೇಗ ತೆರವಾಗುತ್ತದೆ, ಆದರೆ ಆ ಭರವಸೆಯ ಮೇಲೆ ವಿಮಾನದ ಟಿಕೆಟ್ ತೆಗೆಯಬಾರದು. ಜುಲೈ ಕೊನೆಯ ವಾರಕ್ಕಿಂತ ಮೊದಲಿನ ದಿನಾಂಕ ಇಟ್ಟುಕೊಳ್ಳಬೇಡಿ.

ಎರಡನೆಯದು, ಆ ‘ಬೆಳಿಗ್ಗೆ 9ಕ್ಕೆ ದೋಣಿ’. ನಮ್ಮ ಕಾರವಾರ, ಮಂಗಳೂರು ಕಡೆ ಉಬ್ಬರ ಇಳಿತದ ಅಂತರ ಎರಡು ಮೀಟರ್ ಆಸುಪಾಸು. ಪಾಂಗ್ನಿರ್ಟುಂಗ್‌ನಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಅದು ಆರೇಳು ಮೀಟರ್ ಮುಟ್ಟುತ್ತದೆ. ಓವರ್‌ಲಾರ್ಡ್ ಇರುವುದು ಫ್ಯೋರ್ಡ್‌ನ ತುದಿಯಲ್ಲಿ, ಊರಿಂದ ಸುಮಾರು 30 ಕಿ.ಮೀ. ದೂರ. ಹೊಳೆ ತಂದು ಸುರಿದ ಹೂಳಿನಿಂದ ಅಲ್ಲಿ ನೀರು ಬಹಳ ಆಳವಿಲ್ಲ. ಇಳಿತದಲ್ಲಿ ದೋಣಿ ದಡ ಮುಟ್ಟುವುದೇ ಇಲ್ಲ, ಉದ್ದಕ್ಕೂ ಕೆಸರು ಬಯಲು ಬಿದ್ದಿರುತ್ತದೆ. ಹಾಗಾಗಿ ದೋಣಿಯವರು ತುಂಬು ಉಬ್ಬರದ ಹೊತ್ತಿಗೆ ಮಾತ್ರ ಅಲ್ಲಿಗೆ ಹೋಗುತ್ತಾರೆ, ಬರುತ್ತಾರೆ.

ಲೆಕ್ಕ ಹಾಕಿ ನೋಡಿ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷ ಮುಂದೆ ಹೋಗುತ್ತದೆ. ಹೋಗುವ ದಿನ ಉಬ್ಬರ ಬೆಳಿಗ್ಗೆ 9ಕ್ಕೆ ಇದ್ದರೆ, ಏಳು ದಿನದ ನಂತರ ಅದೇ ಉಬ್ಬರ ಮಧ್ಯಾಹ್ನ ಮೂರರ ಸುಮಾರಿಗೆ, ಇನ್ನೊಂದು ನಸುಕಿನ ಎರಡೂವರೆಗೆ. ಬೆಳಿಗ್ಗೆ 9ಕ್ಕೆ ನಿಮ್ಮ ಮುಂದೆ ನೀರೇ ಇರುವುದಿಲ್ಲ. ಕೆನಡಾದ ಜಲಮಾಪನ ಇಲಾಖೆ ಪಾಂಗ್ನಿರ್ಟುಂಗ್‌ನ ಉಬ್ಬರದ ಪಟ್ಟಿ ಪ್ರಕಟಿಸುತ್ತದೆ. ಅದನ್ನು ಮುಂದಿಟ್ಟುಕೊಂಡೇ ದಿನ ಗೊತ್ತುಮಾಡಿ. ಆಮೇಲೆ ದೋಣಿಯವರ ಮಾತೇ ಕೊನೆ. ಗಾಳಿ, ತೇಲುವ ಹಿಮ ಎರಡನ್ನೂ ಕಣ್ಣಾರೆ ನೋಡುವವರು ಅವರೇ.

ನಕ್ಷೆಮನೆ

ಎತ್ತರ ನೋಡಿ ಕಷ್ಟ ಅಳೆಯಬೇಡಿ. ಹಿಮಾಲಯ, ಸಹ್ಯಾದ್ರಿ ನಡೆದವರು ಈ ಕಣಿವೆಯ ವಿಷಯದಲ್ಲಿ ಎಡವುವುದು ಇಲ್ಲೇ. ಇಲ್ಲಿ ಆಮ್ಲಜನಕದ ತೊಂದರೆ ಇಲ್ಲ, ನಿಜ. ಕುಮಾರಪರ್ವತದಲ್ಲಿ ಕಾಲ ಕೆಳಗೆ ಹಾದಿ ಇದೆ. ಇಲ್ಲಿ ಬಹಳಷ್ಟು ಕಡೆ ಹಾದಿಯೇ ಇಲ್ಲ. ಅಲ್ಲಲ್ಲಿ ಇನುಕ್ಷುಕ್ ಅನ್ನುವ ಕಲ್ಲುಗುಪ್ಪೆಗಳು ಸಿಗುತ್ತವೆ, ಮಧ್ಯೆ ಮಾಯವಾಗುತ್ತವೆ.

ನಡಿಗೆಯನ್ನು ನಿಧಾನಮಾಡುವುದು ನೆಲ. ಹಿಮನದಿಗಳು ತಳ್ಳಿ ರಾಶಿ ಹಾಕಿದ ಕಲ್ಲುದಿಬ್ಬಗಳನ್ನು, ಅಂದರೆ ಮೊರೇನ್‌ಗಳನ್ನು, ಒಂದಾದ ಮೇಲೊಂದು ಹತ್ತಿ ಇಳಿಯಬೇಕು. ಕಲ್ಲುಗಳು ಫ್ರಿಜ್ಜಿನಷ್ಟು ದೊಡ್ಡವಿದ್ದರೂ ಅಲುಗಾಡುತ್ತವೆ, ಯಾಕೆಂದರೆ ಅವು ಕೂತಿರುವುದು ಜಲ್ಲಿ, ಮರಳು, ಕೆಲವು ಕಡೆ ಒಳಗಿನ ಹಿಮದ ಮೇಲೆ. ಮಳೆ ಬಂದ ಮೇಲೆ ಇನ್ನೂ ಸಡಿಲ. 20 ಕಿಲೊ ಹೊತ್ತು ಕಲ್ಲಿಂದ ಕಲ್ಲಿಗೆ ನೆಗೆಯಬಾರದು. ಹೊಸ ಕಲ್ಲನ್ನು ಕೋಲಿನಿಂದ ತಟ್ಟಿ, ಅರ್ಧ ಭಾರ ಹಾಕಿ ನೋಡಿ, ಆಮೇಲೆ ಪೂರ್ತಿ ಹೆಜ್ಜೆ. ಇಂಥ ಜಾಗದಲ್ಲಿ ಗಂಟೆಗೆ ಒಂದು ಕಿ.ಮೀ. ಸಾಗಿದರೂ ಚೆನ್ನಾಗಿ ನಡೆದಂತೆಯೇ.

ದಿಬ್ಬ ಮುಗಿದರೆ ಮರಳು ಬಯಲು. ನೋಡಲು ಸಲೀಸು, ಆದರೆ ಹೊಳೆಯಂಚಿನ ನೆನೆದ ಮರಳಿನಲ್ಲಿ ಕಾಲು ಹೂತುಹೋಗುವ ತಾಣಗಳಿವೆ. ಮೇಲೆ ನೀರು ಮಿನುಗುತ್ತಿರುವ, ಹೆಜ್ಜೆ ಇಟ್ಟರೆ ಸುತ್ತಲೂ ಅದುರುವ ಮರಳು ಕಂಡರೆ ಬಳಸಿಕೊಂಡು ಹೋಗಿ. ಹೂತರೆ ನಿಂತಲ್ಲೇ ಕಾಲು ಕೀಳಲು ಎಳೆದಾಡಬೇಡಿ. ಚೀಲ ಕಳಚಿ, ಹಿಂದಕ್ಕೆ ಒರಗಿ ಭಾರ ಹರಡಿ, ಕಾಲನ್ನು ಸಣ್ಣಗೆ ಅಲ್ಲಾಡಿಸುತ್ತ ಬಿಡಿಸಿಕೊಳ್ಳಿ.

ಹಾಗಾಗಿ ದಿನಕ್ಕೆ 10 ಕಿ.ಮೀ. ಅಂದರೆ ಎಂಟು ಒಂಬತ್ತು ಗಂಟೆಯ ದುಡಿಮೆ. ನಿಮ್ಮ ಯೋಜನೆಯಲ್ಲಿ ಒಂದೇ ಒಂದು ಬಿಡುವಿನ ದಿನವೂ ಇಲ್ಲ. ನಡಿಗೆಗೆ ಎಂಟು ದಿನ, ಅದರ ಮೇಲೆ ಕಣಿವೆಯೊಳಗೆ ಎರಡು ದಿನ, ಪಾಂಗ್ನಿರ್ಟುಂಗ್‌ನಲ್ಲಿ ಎರಡು ದಿನ ಕೈಯಲ್ಲಿರಲಿ. ಊರಿನ ವಿಮಾನನಿಲ್ದಾಣ ಬೆಟ್ಟಗಳ ನಡುವೆ ಸಿಕ್ಕಿಕೊಂಡಿದೆ. ಮಂಜು, ಗಾಳಿಗೆ ವಿಮಾನ ನಿಲ್ಲುವುದು ಅಲ್ಲಿ ಮಾಮೂಲಿ.

ಹೊಳಿಸಾಲು_ಧಾರವಾಡ

ನಕ್ಷೆಮನೆಯವರು ನೆಲದ ಬಗ್ಗೆ ಬರದಾರ, ನಾ ನೀರಿನ ಬಗ್ಗೆ ಹೇಳ್ತೀನಿ. ಈ ಕಣಿವ್ಯಾಗ ಜನ ಸೋಲೂದು ಹೊಳಿ ದಾಟೂ ಮುಂದ.

ನಡಕ ಹರಿಯೂ ವೀಸೆಲ್ ನದಿ ದೊಡ್ಡದು. ಅದನ್ನ ಎಲ್ಲಿ ಬೇಕಾದಲ್ಲಿ ಕಾಲ್ನಡಿಗೀಲೆ ದಾಟೂ ಹಂಗಿಲ್ಲ. ಯಾವ ದಂಡಿ ಹಿಡೀಬೇಕು, ಸೇತುವಿ ಎಲ್ಲಿ ಅದ, ಈ ವರ್ಷ ನೆಟ್ಟಗ ಅದ ಇಲ್ಲೋ, ಇದನ್ನ ಉದ್ಯಾನದ ಕಚೇರಿಯವರ ಕಡೆನ ಕೇಳ್ರಿ. ಯಾರೋ ಹಾಕಿದ ಹಳೇ ಜಿಪಿಎಸ್ ಗೆರಿ ನಂಬಬ್ಯಾಡ್ರಿ. ಇಲ್ಲಿ ಹೊಳಿ ವರ್ಷಾ ವರ್ಷಾ ಪಾತ್ರ ಬದಲಸ್ತದ.

ನೀವು ದಾಟೂದು ಎಡಕ ಬಲಕ ಹಿಮನದಿಯಿಂದ ಇಳದು ಬರೂ ಹಳ್ಳಗಳನ್ನ. ಇವಕ ಒಂದು ದಿನಚರಿ ಅದ. ಬಿಸಲು ಬಿದ್ದಾಂಗ ಹಿಮ ಕರಗ್ತದ, ಆ ನೀರು ಕೆಳಗ ಬರಾಕ ಹೊತ್ತು ಹಿಡೀತದ. ಹಂಗಾಗಿ ನಡುಮಧ್ಯಾಹ್ನ ಅಲ್ಲ, ಸಂಜೀ ಮುಂದ ನೀರು ಭರ್ತಿ. ಕಡಿಮಿ ಇರೂದು ನಸುಕಿನ ಮೂರರಿಂದ ಮುಂಜಾನೆ ಏಳರ ತನಕ. ಜುಲೈ ಕಡೀಗೆ ಅಲ್ಲಿ ರಾತ್ರಿ ಅಂದ್ರ ಬರೇ ಮಬ್ಬು ಬೆಳಕು, ಕಣ್ಣು ಕಾಣ್ತಾವ. ಗಡಿಯಾರ ಮರತು ನಸುಕಿನ ಮೂರಕ್ಕ ಎದ್ದು ನಡೀರಿ, ಮಧ್ಯಾಹ್ನ ಒಂದಕ್ಕ ಟೆಂಟ್ ಹಾಕಿ ಮಲಕ್ಕೊರಿ. ಸಂಜೀಗೆ ದೊಡ್ಡ ಹಳ್ಳ ಎದುರಾದ್ರ ಈ ಕಡೀನ ಉಳೀರಿ. ದಾಟಿದ ಮ್ಯಾಲ ಮಲಗೋಣ ಅನ್ನೂ ಆಸೆ ಇಟ್ಕೋಬ್ಯಾಡ್ರಿ.

ಒಂದು ಮಾತು ನೆನಪಿರ್ಲಿ: ಮಳಿ ಆದ್ರ ಈ ದಿನಚರಿ ನಡೆಯೂದಿಲ್ಲ. ಬೆಚ್ಚಗಿನ ಗಾಳಿ ಜೋಡಿ ರಾತ್ರಿಪೂರಾ ಮಳಿ ಹೊಡದ್ರ ಮುಂಜಾನೆನೂ ಹಳ್ಳ ತುಂಬಿರ್ತದ. ಬಿಡುವಿನ ಎರಡು ದಿನ ಬೇಕಾಗೂದು ಅದಕ್ಕ.

ದಾಟೂ ಜಾಗ ಹೆಂಗ ಹುಡಕಬೇಕು? ಸಪೂರ ಇದ್ದಲ್ಲಿ ಅಲ್ಲ. ಸಪೂರ ಅಂದ್ರ ಆಳ, ಜೋರು. ಹಳ್ಳ ಬಯಲಿಗೆ ಬಂದು ನಾಕಾರು ಕವಲು ಒಡದು ಹರಡಿರ್ತದ ನೋಡ್ರಿ, ಅಲ್ಲಿ ದಾಟ್ರಿ. ಒಂದೊಂದು ಕವಲು ದಾಟಿ ನಡಕಿನ ಜಲ್ಲಿ ದಿನ್ನಿ ಮ್ಯಾಲ ನಿಂತು ಮುಂದಿಂದು ನೋಡ್ರಿ. ನೀರು ಹಾಲು ಬೆರಸಿದಾಂಗ ಇರ್ತದ, ತಳ ಕಾಣೂದಿಲ್ಲ. ಅದಕ್ಕ ಮ್ಯಾಲಿನ ಅಲಿ ಓದಬೇಕು: ಸಣ್ಣ ಸಣ್ಣ ಅಲಿ ಇದ್ರ ಆಳ ಕಡಿಮಿ, ನೀರು ನುಣ್ಣಗ ಗಪ್ಪನ ಹರೀತಿದ್ರ ಅಲ್ಲಿ ಮಡು ಅದ. ಕಿವಿನೂ ಕೊಡ್ರಿ. ಒಳಗ ಕಲ್ಲು ಉರುಳೂ ಗುಡುಗುಡು ಸಪ್ಪಳ ಕೇಳ್ತಿದ್ರ ಕಾಲು ಇಡಬ್ಯಾಡ್ರಿ. ಕಲ್ಲನ್ನ ಉರುಳಿಸೂ ನೀರಿಗೆ ನಿಮ್ಮ ಮೊಣಕಾಲು ಏನು ಲೆಕ್ಕ? ಜಾಗದ ಕೆಳಗ ಏನದ ಅನ್ನೂದನ್ನ ಮೊದಲ ನೋಡ್ರಿ: ಬಿದ್ರ ತೇಲಿ ಹೋಗಿ ದಿನ್ನಿಗೆ ಮುಟ್ತೀರೋ, ಬಂಡಿ ಸಂದಿಗೆ ಬೀಳ್ತೀರೋ.

ಇಳಿಯೂ ಮುಂದ ಚೀಲದ ಸೊಂಟದ ಪಟ್ಟಿ, ಎದಿ ಪಟ್ಟಿ ಎರಡೂ ಬಿಚ್ರಿ. ಬಿದ್ರ ಚೀಲ ಕಳಚಿ ಬರಬೇಕು. ಬರಿಗಾಲಲ್ಲಿ ಇಳಿಯಬ್ಯಾಡ್ರಿ. ನಿಯೊಪ್ರೀನ್ ಸಾಕ್ಸ್, ಅದರ ಮ್ಯಾಲ ಹಿಮ್ಮಡಿ ಬಿಗಿಯಾಗಿ ಕೂಡೂ ಹಗುರ ಬೂಟು. ಎರಡು ನಿಮಿಷದಾಗ ಪಾದಕ್ಕ ಸ್ಪರ್ಶ ಹೋಗ್ತದ, ಆಮೇಲೆ ಕಾಲು ಎಲ್ಲಿ ಬಿತ್ತು ಅನ್ನೂದು ತಿಳಿಯೂದಿಲ್ಲ. ಮಾರಿ ನೀರು ಬರೂ ಕಡೆ, ಎರಡೂ ಕೋಲು ಮುಂದ ಊರಿ, ಒಂದು ಸಲಕ್ಕ ಒಂದು ಕಾಲು ಅಥವಾ ಒಂದು ಕೋಲು, ಇಷ್ಟ ಸರಸ್ರಿ. ಬಾಜುಕ, ಸ್ವಲ್ಪ ಕೆಳಗಿನ ದಿಕ್ಕಿಗೆ ಓರಿಯಾಗಿ ಸಾಗ್ರಿ. ಇಬ್ಬರಿದ್ದೀರಿ ಅಂದ್ರ ಗಟ್ಟಿ ಮನಷ್ಯಾ ಮುಂದ ನಿಂತು ನೀರು ಒಡೀಬೇಕು, ಇನ್ನೊಬ್ಬರು ಅವರ ಬೆನ್ನಿಗೆ ಚೀಲದ ಪಟ್ಟಿ ಹಿಡದು ನಿಲ್ಲಬೇಕು. ಹಗ್ಗ ಸೊಂಟಕ್ಕ ಕಟ್ಕೊಂಡು ದಾಟಬ್ಯಾಡ್ರಿ. ಬಿದ್ದವರನ್ನ ಹಗ್ಗ ನೀರಿನ ಒಳಗ ಒತ್ತಿ ಹಿಡೀತದ. ಜೋರು ನೀರು ಮೊಣಕಾಲು ದಾಟಿ ತೊಡಿಗೆ ಬಂತಂದ್ರ ತಿರುಗಿ ಬರ್ರಿ.

ಕವಲೇದುರ್ಗ_ಟೊರೊಂಟೊ

ಹೊಳಿಸಾಲು ಅವರೇ, ಇದನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳುತ್ತೇನೆ. ಹಾಗಾದರೆ ನೀರು ಕಡಿಮೆ ಇರುವ ಆಗಸ್ಟ್ ಕೊನೆಯೇ ಒಳ್ಳೆಯದಲ್ಲವೇ?

ಹೊಳಿಸಾಲು_ಧಾರವಾಡ

ನೀರಿನ ಮಟ್ಟಿಗೆ ಹೌದು. ಬ್ಯಾರೆ ಲೆಕ್ಕ ಗಾಳಿಗುಡ್ಡ ಅವರು ಹೇಳ್ತಾರ.

ಗಾಳಿಗುಡ್ಡ

ಆಗಸ್ಟ್ ಕೊನೆಯಲ್ಲಿ ಹಳ್ಳಗಳು ಇಳಿಯುತ್ತವೆ, ಸೊಳ್ಳೆಯೂ ಇಲ್ಲ. ಆದರೆ ರಾತ್ರಿ ನಿಜವಾಗಿ ಕತ್ತಲಾಗುತ್ತದೆ, ನಸುಕಿನ ಮೂರಕ್ಕೆ ಹೊಳೆ ದಾಟಲು ಹೆಡ್‌ಲ್ಯಾಂಪ್ ಬೇಕು, ಶೂನ್ಯಕ್ಕಿಂತ ಕೆಳಗಿನ ಚಳಿ, ಹೊಸ ಹಿಮ ಬಿದ್ದ ಜಾರುಕಲ್ಲು, ಮೇಲೆ ಶರತ್ಕಾಲದ ಬಿರುಗಾಳಿ. ನನ್ನ ಅಭಿಪ್ರಾಯದಲ್ಲಿ ಮೊದಲ ಬಾರಿಗೆ ಹೋಗುವವರಿಗೆ ಆಗಸ್ಟ್ 5ರಿಂದ 20ರ ಒಳಗಿನ ಅವಧಿಯೇ ಸರಿ. ಹಿಮ ಮಾತ್ರ ಯಾವ ತಿಂಗಳಲ್ಲೂ ಬೀಳಬಹುದು.

ಈಗ ಟೆಂಟ್. ಮೂರು ಋತುವಿನ ಹಗುರ ಟೆಂಟ್ ಬಿಡಿ. ಈ ಕಣಿವೆ ಎರಡು ಕಡಲಂಚುಗಳ ನಡುವೆ ಕೊರೆದ ಕೊಳವೆಯ ಹಾಗಿದೆ. ಪಕ್ಕದಲ್ಲೇ ಪೆನ್ನಿ ಹಿಮಗಂಬಳಿಯಿಂದ ತಣ್ಣನೆ ಗಾಳಿ ಜಾರಿ ಇಳಿಯುತ್ತದೆ. ಗಂಟೆಗೆ 100 ಕಿ.ಮೀ. ದಾಟುವ ಬೀಸು ಇಲ್ಲಿ ಅಪರೂಪವಲ್ಲ. ಒಂದು ಸರೋವರಕ್ಕೆ ವಿಂಡಿ ಲೇಕ್ ಎಂದೇ ಹೆಸರಿದೆ. ಜಾಲರಿ ಗೋಡೆಯ ಟೆಂಟಿನಲ್ಲಿ ಹಿಟ್ಟಿನಂಥ ಮರಳು ಒಳಗೆ ಬಂದು ಜಿಪ್ ಹಲ್ಲು ಸವೆಯುತ್ತದೆ, ಆಮೇಲೆ ಜಿಪ್ ಬಾಯಿ ಮುಚ್ಚುವುದಿಲ್ಲ. ಗಟ್ಟಿ ಬಟ್ಟೆಯ ಒಳಗೋಡೆ, ಅಡ್ಡ ಹಾಯುವ ಮೂರು ನಾಲ್ಕು ಕಂಬಗಳು, ಕನಿಷ್ಠ ಹತ್ತು ಹನ್ನೆರಡು ದಾರ ಕಟ್ಟುವ ಜಾಗ, ಇವಿರಲಿ. ಕಂಬ ಮುರಿದರೆ ಆ ಜಾಗದ ಮೇಲೆ ತೊಡಿಸಲು ಸಣ್ಣ ಕೊಳವೆ ಎರಡು, ಬಟ್ಟೆಗೆ ಅಂಟುಪಟ್ಟಿ ಒಯ್ಯಿರಿ.

ಗೂಟ ಇಲ್ಲಿ ಹಿಡಿಯುವುದಿಲ್ಲ. ಮೇಲೆ ಮರಳು, ಅರ್ಧ ಅಡಿ ಕೆಳಗೆ ಕಲ್ಲು. ಕಲ್ಲಿಗೇ ಕಟ್ಟಬೇಕು, ಅದಕ್ಕೂ ಒಂದು ಕ್ರಮ ಇದೆ. ದಾರವನ್ನು ನೇರ ದೊಡ್ಡ ಬಂಡೆಗೆ ಸುತ್ತಿದರೆ ರಾತ್ರಿಯಿಡೀ ಗಾಳಿಗೆ ಉಜ್ಜಿ ಬೆಳಿಗ್ಗೆ ಹೊತ್ತಿಗೆ ತುಂಡಾಗಿರುತ್ತದೆ. ತೆಂಗಿನಕಾಯಿ ಗಾತ್ರದ, ಅಂಚು ಮೊಂಡಾದ ಕಲ್ಲು ಆರಿಸಿ ಅದಕ್ಕೆ ದಾರದ ಕುಣಿಕೆ ಹಾಕಿ. ಅದನ್ನು ನೆಲದಲ್ಲಿಟ್ಟು, ಅದರ ಮುಂದೆ, ಅಂದರೆ ಟೆಂಟಿನ ಕಡೆಗೆ, ದಾರದ ಮೇಲೆ 20–25 ಕಿಲೊದ ಬಂಡೆ ಕೂರಿಸಿ. ಗಾಳಿ ದಾರ ಎಳೆದಾಗ ಸಣ್ಣ ಕಲ್ಲು ಮುಂದಕ್ಕೆ ಬಂದು ದೊಡ್ಡದಕ್ಕೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ದಾರ ಬಂಡೆಯ ಕೆಳಗೆ ಅಲ್ಲಾಡುವುದೇ ಇಲ್ಲ. ಪ್ರತಿ ದಾರಕ್ಕೂ ಒಂದು ಮೀಟರ್ ಹೆಚ್ಚುವರಿ ಗಟ್ಟಿ ಹಗ್ಗ ಮನೆಯಲ್ಲೇ ಕಟ್ಟಿಕೊಂಡು ಹೋಗಿ. ಬೆರಳು ಮರಗಟ್ಟಿದಾಗ ಗಂಟು ಹಾಕಲಾಗುವುದಿಲ್ಲ.

ಒಂದು ಮನವಿ. ವೃತ್ತಾಕಾರವಾಗಿ ಜೋಡಿಸಿದ ಹಳೆಯ ಕಲ್ಲುಗಳು ಕಂಡರೆ ಅವುಗಳಿಂದ ಒಂದನ್ನೂ ತೆಗೆಯಬೇಡಿ. ಇನ್ಯುಯಿಟ್ ಜನರ ಪೂರ್ವಿಕರು ಟೆಂಟ್ ಹೂಡಿದ ಗುರುತುಗಳು ಈ ನೆಲದಲ್ಲಿವೆ. ನೀವು ಸರಿಸಿದ ಕಲ್ಲುಗಳನ್ನು ಹೊರಡುವಾಗ ಮೂಲ ಜಾಗಕ್ಕೆ ಹಾಕಿ.

ಬಂಡೆಗೋಡೆಯ ಬುಡದಲ್ಲಿ ಗಾಳಿ ಕಡಿಮೆ ಅಂತ ಅಲ್ಲಿ ಟೆಂಟ್ ಹಾಕಬೇಡಿ. ಥಾರ್ ಪರ್ವತ 1,675 ಮೀಟರ್. ಅದರ ಪಶ್ಚಿಮ ಮುಖ 1,250 ಮೀಟರ್ ಕಡಿದು ನಿಂತಿದೆ, ನೆಟ್ಟಗೂ ಅಲ್ಲ, ಸರಾಸರಿ 105 ಡಿಗ್ರಿ ಕೋನದಲ್ಲಿ ಹೊರಕ್ಕೆ ಬಾಗಿದೆ. ಕಣಿವೆಯಲ್ಲಿ ನಿಂತು ಕತ್ತೆತ್ತಿ ನೋಡುವಂಥದ್ದು. ಅಂಥ ಗೋಡೆಗಳಿಂದ ಕಲ್ಲು ಉದುರುತ್ತಲೇ ಇರುತ್ತದೆ. ಹೊಸದಾಗಿ ಒಡೆದ, ಕಲ್ಲುಹೂ ಹತ್ತದ ಬಿಳಿ ಮುಖದ ಕಲ್ಲುಗಳು ಸುತ್ತ ಬಿದ್ದಿದ್ದರೆ ಆ ಜಾಗ ಬೇಡ.

ಸುಮನಾ_ಒಟ್ಟಾವ

ಕಾಗದಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ. ಪಾರ್ಕ್ಸ್ ಕೆನಡಾದವರ ಪಾಂಗ್ನಿರ್ಟುಂಗ್ ಕಚೇರಿಗೆ ತಿಂಗಳುಗಳ ಮೊದಲೇ ಫೋನ್ ಮಾಡಿ ದಿನಾಂಕ ತಿಳಿಸಿ. ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ಸುರಕ್ಷತೆಯ ಮಾಹಿತಿ ತರಗತಿಯಲ್ಲಿ ಕೂರುವುದು ಕಡ್ಡಾಯ. ಕಚೇರಿಯ ವೇಳೆ ನೋಡಿಕೊಳ್ಳಿ. ಶುಕ್ರವಾರ ಸಂಜೆ ಇಳಿದು ಶನಿವಾರ ನಸುಕಿನ ಉಬ್ಬರಕ್ಕೆ ಹೊರಡುತ್ತೇನೆಂದರೆ ತರಗತಿ ತಪ್ಪುತ್ತದೆ. ದೋಣಿಯವರೂ ಉದ್ಯಾನದ ಪರವಾನಗಿ ಉಳ್ಳವರೇ ಆಗಿರಬೇಕು. ಆ ಪಟ್ಟಿ ಕಚೇರಿಯಲ್ಲೇ ಸಿಗುತ್ತದೆ.

ಮೊಬೈಲ್ ಸಿಗ್ನಲ್ ಇಲ್ಲ. ಎರಡೂ ಕಡೆ ಸಂದೇಶ ಕಳಿಸುವ ಉಪಗ್ರಹ ಸಾಧನ ಇಬ್ಬರಿಗೆ ಒಂದಾದರೂ ಬೇಕು, ಬ್ಯಾಟರಿ ಬ್ಯಾಂಕ್ ಜೊತೆಗೆ. ರಾತ್ರಿ ಅದನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಿ, ಚಳಿಗೆ ಚಾರ್ಜ್ ಇಳಿಯುತ್ತದೆ. ಕಣಿವೆಯ ಗೋಡೆಗಳು ಆಕಾಶ ಮುಚ್ಚುವುದರಿಂದ ಸಂದೇಶ ಹೋಗಲು ತಡವಾಗಬಹುದು, ಬಯಲಿನಲ್ಲಿಟ್ಟು ಕಾಯಿರಿ. ಒತ್ತಿದ ತಕ್ಷಣ ಹೆಲಿಕಾಪ್ಟರ್ ಬರುತ್ತದೆ ಅಂದುಕೊಳ್ಳಬೇಡಿ. ಹವೆ ಕೆಟ್ಟರೆ ದಿನಗಟ್ಟಲೆ ಕಾಯಬೇಕಾಗಬಹುದು, ಅಷ್ಟು ದಿನ ನಿಮ್ಮನ್ನು ನೀವೇ ನೋಡಿಕೊಳ್ಳಬೇಕು.

ವಿಮೆ: ಒಂಟಾರಿಯೊದ ಆರೋಗ್ಯ ಕಾರ್ಡ್ ಬೇರೆ ಪ್ರಾಂತ್ಯದ ಏರ್ ಆಂಬುಲೆನ್ಸ್ ಖರ್ಚು ಕೊಡುವುದಿಲ್ಲ. ಪ್ರವಾಸ ವಿಮೆಯಲ್ಲಿ ‘ದುರ್ಗಮ ಪ್ರದೇಶದಿಂದ ಸ್ಥಳಾಂತರ’ ಸೇರಿದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರದಲ್ಲೇ ಓದಿ.

ಕಣಿವೆಯಲ್ಲಿ ಅಲ್ಲಲ್ಲಿ ಸಣ್ಣ ತುರ್ತು ಗುಡಿಸಲುಗಳಿವೆ. ನಿಮ್ಮ ದಾರಿಯಲ್ಲಿ ಕ್ರಮವಾಗಿ ಓವರ್‌ಲಾರ್ಡ್, ವಿಂಡಿ ಲೇಕ್, ಥಾರ್, ಸಮ್ಮಿಟ್ ಲೇಕ್. ಅವು ತುರ್ತಿಗೆ ಮಾತ್ರ. ‘ಗುಡಿಸಲಿದೆಯಲ್ಲ’ ಎಂದು ಟೆಂಟಿನಲ್ಲಿ ಉಳಿತಾಯ ಮಾಡಬೇಡಿ.

ಕವಲೇದುರ್ಗ_ಟೊರೊಂಟೊ

ಹಿಮಕರಡಿಯ ಬಗ್ಗೆ ಯಾರೂ ಹೇಳಲಿಲ್ಲ. ಬಂದೂಕು ಬಾಡಿಗೆಗೆ ಸಿಗುತ್ತದೆಯೇ?

ನಕ್ಷೆಮನೆ

ಸಾಮಾನ್ಯ ಚಾರಣಿಗರು ರಾಷ್ಟ್ರೀಯ ಉದ್ಯಾನದೊಳಗೆ ಬಂದೂಕು ಒಯ್ಯುವಂತಿಲ್ಲ. ಆ ಯೋಚನೆ ಬಿಡಿ.

ಹಿಮಕರಡಿಯ ಅಪಾಯ ಹೆಚ್ಚಿರುವುದು ಕಣಿವೆಯ ಎರಡೂ ತುದಿಯ ಫ್ಯೋರ್ಡ್‌ಗಳಲ್ಲಿ. ಅದು ಸಮುದ್ರದ ಹಿಮದ ಮೇಲೆ ಸೀಲ್ ಹಿಡಿದು ಬದುಕುವ ಪ್ರಾಣಿ, ಬೇಸಿಗೆಯಲ್ಲಿ ಹಿಮ ಕರಗಿದಾಗ ದಡಕ್ಕೆ ಬರುತ್ತದೆ. ಒಳಕಣಿವೆಯಲ್ಲಿ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಆದ್ದರಿಂದ ದೋಣಿ ಇಳಿದ ದಿನ ಓವರ್‌ಲಾರ್ಡ್‌ನ ನೀರಿನಂಚಿನಲ್ಲಿ ಮಲಗಬೇಡಿ, ಮೂರು ನಾಲ್ಕು ಕಿ.ಮೀ. ಒಳಗೆ ನಡೆದು ಟೆಂಟ್ ಹಾಕಿ. ಸುತ್ತ ದೂರದವರೆಗೆ ಕಾಣುವ ಜಾಗ ಆರಿಸಿ, ದಿಬ್ಬದ ಮರೆ ಬೇಡ.

ಕರಡಿ ಸ್ಪ್ರೇಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲಾಗದು, ಲಗೇಜಿನಲ್ಲೂ ಇಲ್ಲ. ಅಲ್ಲೇ ಕೊಳ್ಳಬೇಕು. ಅಂಗಡಿಯಲ್ಲಿ ಮುಗಿದಿರಬಹುದು, ಮೊದಲೇ ಫೋನ್ ಮಾಡಿ ತೆಗೆದಿರಿಸಲು ಹೇಳಿ. ಚೀಲದೊಳಗಲ್ಲ, ಸೊಂಟದಲ್ಲಿರಬೇಕು. ಎದುರುಗಾಳಿಗೆ ಹೊಡೆದರೆ ನಿಮ್ಮ ಕಣ್ಣಿಗೇ ಬರುತ್ತದೆ. ಟೆಂಟಿನ ಸುತ್ತ ಎಚ್ಚರಿಕೆಯ ತಂತಿ ಹಾಕುವ ಬಗ್ಗೆ ತರಗತಿಯಲ್ಲಿ ಕೇಳಿ.

ಊಟ ನೇತುಹಾಕಲು ಇಡೀ ಕಣಿವೆಯಲ್ಲಿ ಒಂದು ಮರವೂ ಇಲ್ಲ. ಕರಡಿ ತೆರೆಯಲಾಗದ ಗಟ್ಟಿ ಡಬ್ಬಿ ಬೇಕು. ಟೆಂಟಿನಿಂದ 100 ಮೀಟರ್ ದೂರದಲ್ಲಿ ಅಡುಗೆ, ಅಲ್ಲೇ ಡಬ್ಬಿ; ಗಾಳಿ ಬೀಸುವ ದಿಕ್ಕಿನಲ್ಲಿ ಅಡುಗೆಯ ಜಾಗ ಟೆಂಟಿಗಿಂತ ಮುಂದಿರಲಿ, ವಾಸನೆ ಟೆಂಟಿನ ಮೇಲೆ ಹಾಯಬಾರದು.

ಬುತ್ತಿಗಂಟು

ಊಟದ ವಿಷಯ ನನಗೆ ಬಿಡಿ. ನಡಿಗೆ ಎಂಟು, ಬಿಡುವು ಎರಡು, ಒಟ್ಟು ಹತ್ತು ದಿನ. ಒಬ್ಬರಿಗೆ ದಿನಕ್ಕೆ 700 ಗ್ರಾಂ ಒಳಗೆ 3,000 ಕ್ಯಾಲೊರಿ ದಾಟಬೇಕು. ನಮ್ಮ ಅಡುಗೆಯಲ್ಲೇ ಸಾಧ್ಯ.

ಬೆಳಿಗ್ಗೆ ರಾಗಿ ಹುರಿಹಿಟ್ಟು 80 ಗ್ರಾಂ, ಹಾಲಿನ ಪುಡಿ 30, ಬೆಲ್ಲದ ಪುಡಿ 30, ತುಪ್ಪ 15. ಬಿಸಿನೀರು ಹುಯ್ದು ಕಲಸಿದರೆ ಆಯಿತು. ದಾರಿಯಲ್ಲಿ ಶೇಂಗಾ ಚಿಕ್ಕಿ, ಗೋಡಂಬಿ, ಖರ್ಜೂರ ಸೇರಿ 200 ಗ್ರಾಂ. ಮಧ್ಯಾಹ್ನ ಗೊಜ್ಜವಲಕ್ಕಿ 100 ಗ್ರಾಂ. ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿದು ಒಣ ಗೊಜ್ಜಿನ ಪುಡಿ ಬೆರೆಸಿಟ್ಟರೆ ತಣ್ಣೀರಲ್ಲೇ ಕಾಲು ಗಂಟೆಗೆ ನೆನೆಯುತ್ತದೆ. ಗಾಳಿಯಲ್ಲಿ ಒಲೆ ಹೊತ್ತಿಸುವ ಕೆಲಸ ಇಲ್ಲ. ಸಂಜೆ ಒಣಗಿಸಿದ ಬಿಸಿಬೇಳೆಬಾತ್ 150 ಗ್ರಾಂ, ಮೇಲೆ ತುಪ್ಪ 40. ಚಹಾ, ಸೂಪ್, ಚಾಕೊಲೆಟ್ 40 ಗ್ರಾಂ. ಒಟ್ಟು 685 ಗ್ರಾಂ, ಸುಮಾರು 3,100 ಕ್ಯಾಲೊರಿ. ಹತ್ತು ದಿನಕ್ಕೆ ಒಬ್ಬರಿಗೆ 7 ಕಿಲೊ.

ಬಾತ್ ಒಣಗಿಸುವಾಗ ಆಗುವ ತಪ್ಪು ಎರಡು. ಒಗ್ಗರಣೆ, ತುಪ್ಪ ಹಾಕಿಯೇ ಒಣಗಿಸುತ್ತಾರೆ. ಜಿಡ್ಡು ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ತುಪ್ಪ ಬೇರೆ ಡಬ್ಬಿಯಲ್ಲಿರಲಿ, ಅದೂ ಅಗಲ ಬಾಯಿಯದು, ಚಳಿಗೆ ಗಡ್ಡೆ ಕಟ್ಟಿದ್ದನ್ನು ಚಮಚದಲ್ಲಿ ತೋಡಬೇಕಾಗುತ್ತದೆ. ಎರಡನೆಯದು, ಇಡೀ ಬಟಾಣಿ, ಹುರುಳಿಕಾಯಿ ತುಂಡು ಹಾಕುತ್ತಾರೆ. ಅವು ಮತ್ತೆ ನೆನೆಯದೆ ಕಲ್ಲಿನಂತೆ ಉಳಿಯುತ್ತವೆ. ಬೇಳೆ ಪೂರ್ತಿ ಕರಗುವಂತೆ ಬೇಯಿಸಿ, ತರಕಾರಿ ತುರಿದು ಹಾಕಿ, ತಟ್ಟೆಯಲ್ಲಿ ಮೂರ್ನಾಲ್ಕು ಮಿ.ಮೀ. ತೆಳ್ಳಗೆ ಹರಡಿ, 60 ಡಿಗ್ರಿಯಲ್ಲಿ ಎಂಟು ಹತ್ತು ಗಂಟೆ ಒಣಗಿಸಿ. ಮುರಿದರೆ ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ತೇವ ಇದೆ. ಅಲ್ಲಿ ಎರಡರಷ್ಟು ಕುದಿನೀರು ಹಾಕಿ, ಮುಚ್ಚಿ, ಉಣ್ಣೆ ಟೋಪಿಯೊಳಗೆ ಇಟ್ಟು 20 ನಿಮಿಷ ಬಿಡಿ. ಹಸಿ ಬೇಳೆ ಒಯ್ಯಬೇಡಿ, ಬೇಯಿಸಲು ಇಂಧನ ಸಾಲದು.

ಇಂಗು, ಬೆಳ್ಳುಳ್ಳಿ ಘಾಟು ಗಾಳಿಯಲ್ಲಿ ದೂರ ಹೋಗುತ್ತದೆ. ಪ್ರತಿ ಹೊತ್ತಿನದನ್ನೂ ಎರಡು ಪದರದ ಜಿಪ್ ಚೀಲದಲ್ಲಿ ಮುಚ್ಚಿ. ಮಾಮೂಲಿ ಡಬ್ಬಿ ಬರುವುದು 11–12 ಲೀಟರಿನದು. ಒಬ್ಬರ ಹತ್ತು ದಿನದ್ದು ಒಂದರಲ್ಲಿ ಹಿಡಿಯುವುದು ಕಷ್ಟ. ಗಾಳಿ ತೆಗೆದು ಒತ್ತಿ ತುಂಬಿ, ಮನೆಯಲ್ಲೇ ಒಮ್ಮೆ ತುಂಬಿಸಿ ನೋಡಿ. ಮಿಕ್ಕರೆ ಮೂರನೆಯ ಡಬ್ಬಿ, ಹೊರಗಿನ ಚೀಲದಲ್ಲಲ್ಲ.

ನಕ್ಷೆಮನೆ

ಬುತ್ತಿಗಂಟು ಅಕ್ಕ ಇಂಧನದ ಮಾತೆತ್ತಿದರು, ಅದನ್ನೂ ಸೇರಿಸುತ್ತೇನೆ. ವಿಮಾನದಲ್ಲಿ ಯಾವ ಇಂಧನವೂ ಇಲ್ಲ. ಕ್ಯಾನಿಸ್ಟರ್ ಗ್ಯಾಸ್ ಪಾಂಗ್ನಿರ್ಟುಂಗ್‌ನಲ್ಲಿ ಸಿಕ್ಕೀತೆಂದು ಖಾತ್ರಿ ಇಲ್ಲ, ಸಿಕ್ಕಿದರೂ ಚಳಿ ಗಾಳಿಗೆ ಒತ್ತಡ ಇಳಿದು ಉರಿ ಕುಂದುತ್ತದೆ. ನ್ಯಾಫ್ತಾ ಉರಿಸುವ ದ್ರವ ಇಂಧನದ ಒಲೆ ಒಯ್ಯಿರಿ. ಬರೀ ನೀರು ಕುದಿಸುವುದಾದರೆ ಒಬ್ಬರಿಗೆ ದಿನಕ್ಕೆ 100 ಮಿ.ಲೀ. ಲೆಕ್ಕ, ಇಬ್ಬರಿಗೆ ಹತ್ತು ದಿನಕ್ಕೆ 2 ಲೀಟರ್. ಬಳಸಿದ ಇಂಧನ ಬಾಟಲಿ, ಪಂಪಿನಲ್ಲಿ ವಾಸನೆ ಉಳಿದಿದ್ದರೂ ವಿಮಾನನಿಲ್ದಾಣದಲ್ಲಿ ತೆಗೆದಿಡುತ್ತಾರೆ. ವಿಮಾನ ಕಂಪನಿಯನ್ನು ಮೊದಲೇ ಕೇಳಿ. ಹೊಸ ಬಾಟಲಿ ಒಯ್ಯುವುದು ಕ್ಷೇಮ. ಪಂಪಿನ ವಾಷರ್, ಸೂಜಿ ಹೆಚ್ಚುವರಿ ಇರಲಿ. ಬೆಂಕಿ ಹಾಕುವಂತಿಲ್ಲ, ಹಾಕಲು ಸೌದೆಯೂ ಇಲ್ಲ.

ಕುಡಿಯುವ ನೀರಿಗೆ ಹಿಮನದಿಯ ಹಾಲುಬಣ್ಣದ ನೀರನ್ನು ನೇರ ಫಿಲ್ಟರಿಗೆ ಹಾಕಬೇಡಿ. ಅದರಲ್ಲಿರುವುದು ಕಲ್ಲಿನ ನುಣುಪು ಹಿಟ್ಟು. ಎರಡು ಮೂರು ದಿನದಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪಕ್ಕದ ತಿಳಿ ತೊರೆ ಹುಡುಕಿ, ಇಲ್ಲವಾದರೆ ಪಾತ್ರೆಯಲ್ಲಿ ರಾತ್ರಿ ಇಟ್ಟು ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ. ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ, ಹೊರಗೆ ಗೊತ್ತಾಗುವುದಿಲ್ಲ. ಅದೂ ಮಲಗುಚೀಲದೊಳಗೇ.

ಕವಲೇದುರ್ಗ_ಟೊರೊಂಟೊ

ಎಲ್ಲರ ಮಾತು ಸೇರಿಸಿ ತಿದ್ದಿದ್ದೇನೆ. ಆಗಸ್ಟ್ 6 ಗುರುವಾರಕ್ಕೆ ಊರು, ಶುಕ್ರವಾರ ತರಗತಿ, 8ಕ್ಕೆ ಉಬ್ಬರ ಇರುವ ಹೊತ್ತಿಗೆ ದೋಣಿ, ಅಂದೇ ನಾಲ್ಕು ಕಿ.ಮೀ. ಒಳಗೆ. 15ರ ಒಳಗೆ ವಾಪಸ್ ಓವರ್‌ಲಾರ್ಡ್ ಸಮೀಪಕ್ಕೆ. ದೋಣಿಯನ್ನು 17ಕ್ಕೆ ಗೊತ್ತುಮಾಡಿ, ಬೇಗ ಬಂದರೆ ಉಪಗ್ರಹ ಸಂದೇಶದಲ್ಲಿ ಮುಂಚಿನ ಉಬ್ಬರಕ್ಕೆ ಕೇಳುವುದು. ವಿಮಾನ 20ಕ್ಕೆ. 11ರ ಸಂಜೆ ಎಲ್ಲಿದ್ದರೂ ಅಲ್ಲಿಂದಲೇ ತಿರುಗುವುದು, ಸಮ್ಮಿಟ್ ಲೇಕ್ ಸಿಗದಿದ್ದರೂ ಸರಿ. ಹತ್ತು ದಿನದ ಊಟ, ನ್ಯಾಫ್ತಾ 2 ಲೀಟರ್, ಗಟ್ಟಿ ಟೆಂಟ್. ಚೀಲ ತಲಾ 23 ಕಿಲೊ ಬರುತ್ತಿದೆ.

ಹೊಳಿಸಾಲು_ಧಾರವಾಡ

ತಿರುಗೂ ದಿನ ಮೊದಲ ಗೊತ್ತು ಮಾಡಿದ್ದು ಛಲೋ ಆತು. ವಾಪಸ್ ಬರೂ ಮುಂದ ಅವೇ ಹಳ್ಳ ಮತ್ತ ದಾಟಬೇಕು ಅನ್ನೂದನ್ನ ಭಾಳ ಮಂದಿ ಮರೀತಾರ. ಹೋಗೂ ಮುಂದ ಪ್ರತಿ ಹಳ್ಳದ ದಂಡ್ಯಾಗ ಒಂದು ಗುರುತಿನ ಕಲ್ಲು ನೋಡಿ, ನೀರು ಎಲ್ಲಿ ತನಕ ಇತ್ತು, ಎಷ್ಟು ಗಂಟೆ ಆಗಿತ್ತು ಅಂತ ಫೋಟೊ ತಕ್ಕೊರಿ. ಬರೂ ಮುಂದ ಹೋಲಿಸಿ ನೋಡಾಕ ಬರ್ತದ.

ಉಬ್ಬರವಿಳಿತ

ಒಂದು ತಿದ್ದುಪಡಿ. ದೋಣಿಗೆ ಕಾಯುವಾಗ ಕೆಸರು ಬಯಲಿಗೆ ಇಳಿದು ಮುಂದೆ ಹೋಗಿ ನಿಲ್ಲಬೇಡಿ. ಇಷ್ಟು ಅಂತರದ ಉಬ್ಬರ ನಡೆಯುವವರಿಗಿಂತ ವೇಗವಾಗಿ ತುಂಬುತ್ತದೆ, ಹಿಂದಿನ ತಗ್ಗುಗಳು ಮೊದಲು ತುಂಬಿ ದಾರಿ ಮುಚ್ಚುತ್ತವೆ. ದಡದ ಮೇಲೇ ಇರಿ, ದೋಣಿ ನಿಮ್ಮ ಹತ್ತಿರ ಬರುತ್ತದೆ. ಉಬ್ಬರಕ್ಕೆ ಎರಡು ಗಂಟೆ ಮೊದಲೇ ಚೀಲ ಕಟ್ಟಿ ಸಿದ್ಧವಾಗಿರಿ. ದೋಣಿ ನಿಲ್ಲುವುದು ಸ್ವಲ್ಪವೇ ಹೊತ್ತು. ತೆರೆದ ದೋಣಿ, ಕಡಲಗಾಳಿ. ಇದ್ದ ಬೆಚ್ಚನೆ ಬಟ್ಟೆಯೆಲ್ಲ ಮೈಮೇಲಿರಲಿ.

ಸುಮನಾ_ಒಟ್ಟಾವ

ಊರಿಗೆ ಬಂದ ಮೇಲೆ ಸ್ನಾನಕ್ಕೂ ಮೊದಲು ಕಚೇರಿಗೆ ಹೋಗಿ, ಇಲ್ಲವೇ ಫೋನ್ ಮಾಡಿ, ವಾಪಸ್ ಬಂದೆವೆಂದು ಹೆಸರು ತೆಗೆಸಿ. ಕಚೇರಿ ಮುಚ್ಚಿದ್ದರೆ ಯಾವ ನಂಬರಿಗೆ ತಿಳಿಸಬೇಕು ಅನ್ನುವುದನ್ನು ತರಗತಿಯ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಹೆಸರು ಹಾಗೇ ಉಳಿದರೆ ನಿಮ್ಮನ್ನು ಹುಡುಕಲು ಜನ ಹೊರಡುತ್ತಾರೆ.